ಕಮಿಟ್ ಮಾತ್ರ ನಿಧಾನ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಮಂಗಳೂರು): ಧಕ್ಕೆಯ (ಮೀನುಗಾರಿಕೆ ಬಂದರಿನ) ಸಗಟು ಮೀನು ವ್ಯಾಪಾರದ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಬೆಳಗಿನ ಹರಾಜಿನ ಹೊತ್ತಿಗೆ ಇನ್ಸರ್ಟ್ (ಹೊಸ ಸಾಲು ಸೇರಿಸುವುದು) ಕ್ಷಣದಲ್ಲಿ ಮುಗಿದರೂ ಕಮಿಟ್ (ಅದನ್ನು ಖಾಯಂಗೊಳಿಸುವುದು) ಬಹಳ ತಡವಾಗುತ್ತದೆ. ಕಾರಣವೇನಿರಬಹುದು?

ಉತ್ತರ (ಉಡುಪಿ): ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ದಾಖಲೆ ಡಿಸ್ಕಿಗೆ ಭದ್ರವಾಗಿ ಇಳಿಯುವವರೆಗೆ ಕಮಿಟ್ ಕಾಯುತ್ತದೆ. ತಡವಾಗುತ್ತಿರುವಾಗಲೇ ಈಗ ನಡೆಯುತ್ತಿರುವ ಕೆಲಸಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ವೇಟ್_ಇವೆಂಟ್ (ಯಾವುದಕ್ಕಾಗಿ ಕಾಯುತ್ತಿದೆ ಎಂಬುದು) ನೋಡಿ. ವಾಲ್‌ಸಿಂಕ್ ಎಂದಿದ್ದರೆ ಡಿಸ್ಕನ್ನೂ, ಸಿಂಕ್‌ರೆಪ್ ಎಂದಿದ್ದರೆ ಡೇಟಾದ ಪ್ರತಿ ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ ಸರ್ವರನ್ನೂ ಅದರ ನೆಟ್‌ವರ್ಕನ್ನೂ ಪರೀಕ್ಷಿಸಬೇಕು.

ಪ್ರಶ್ನಿಸಿದವರು: ವಾಲ್‌ಸಿಂಕ್ ಎಂದೇ ಬರುತ್ತಿದೆ. ಡಿಸ್ಕಿಗಾಗಿ ಕಮಿಟ್ ಕಾಯುವಂತೆ ಮಾಡುವ ಸಿಂಕ್ರೊನಸ್_ಕಮಿಟ್ ಸೆಟ್ಟಿಂಗ್ ಆಫ್ ಮಾಡಬಹುದೇ?

ಇನ್ನೊಂದು ಉತ್ತರ: ಹಣದ ಲೆಕ್ಕಕ್ಕೆ ದಯವಿಟ್ಟು ಬೇಡ. ಕರೆಂಟ್ ಹೋಗಿ ಸರ್ವರ್ ನಿಂತರೆ ಡೇಟಾಬೇಸ್ ಕೆಡದಿದ್ದರೂ, ಮುಗಿಯಿತೆಂದು ತೋರಿಸಿದ ಕೊನೆಯ ಕೆಲವು ಕಮಿಟ್‌ಗಳೇ ಕಳೆದುಹೋಗಬಹುದು. ಮೊದಲು ಪೋಸ್ಟ್‌ಗ್ರೆಸ್‌ನದೇ ಪಿಜಿ_ಟೆಸ್ಟ್_ಎಫ್‌ಸಿಂಕ್ ಪರೀಕ್ಷಾ ಸಾಧನದಿಂದ ಡಿಸ್ಕಿಗೆ ಭದ್ರವಾಗಿ ಬರೆಯುವ ವೇಗ ಅಳೆಯಿರಿ. ಪ್ರತಿ ಸಾಲಿಗೊಂದು ಕಮಿಟ್ ಆಗುತ್ತಿದ್ದರೆ, ಒಂದು ಬಿಲ್ಲಿನ ಸಾಲುಗಳನ್ನೆಲ್ಲ ಒಂದೇ ಟ್ರಾನ್ಸಾಕ್ಷನ್‌ಗೆ (ಒಂದೇ ಕಮಿಟ್‌ನಲ್ಲಿ ಮುಗಿಯುವ ಕೆಲಸಗಳ ಗುಂಪಿಗೆ) ಸೇರಿಸಿ. ಬಹುಪಾಲು ಕಾಯುವಿಕೆ ಅಲ್ಲಿಯೇ ತಪ್ಪುತ್ತದೆ.