ಸೆಂಟ್ರಿಸ್ಟ್‌ಗೆ ಏನಂತೀರಿ? (ಕೇಂದ್ರವಾದಿ ಅಂತ ಬರ್ದು ಮಂಗಳಾರತಿ ಮಾಡಿಸ್ಕೊಂಡೆ)

ಎಲ್ರಿಗೂ ನಮಸ್ಕಾರ. ಅಮೆರಿಕದ ರಾಜಕೀಯದ ಬಗ್ಗೆ ಒಂದು ಉದ್ದನೆ ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಮುಕ್ಕಾಲು ಭಾಗ ಸಲೀಸಾಗಿ ಹೋಯ್ತು, ಎರಡು ಪದದ ಹತ್ರ ಬಂದು ಗಾಡಿ ನಿಂತಿದೆ, ಒಂದು ಪೋಲರೈಸೇಶನ್ (ಜನ ಎರಡು ಕಡೆಗೆ ಸರಿಯೋದು) ಇನ್ನೊಂದು ಸೆಂಟ್ರಿಸ್ಟ್ (ರಾಜಕೀಯದಲ್ಲಿ ಎಡಕ್ಕೂ ಬಲಕ್ಕೂ ವಾಲದೆ ನಡುವೆ ನಿಲ್ಲೋನು). ಮೊದಲನೇದಕ್ಕೆ ಪೇಪರ್‌ನವ್ರು ಬಳಸೋ ಧ್ರುವೀಕರಣ ಹಾಕ್ದೆ, ಎರಡನೇದಕ್ಕೆ ಜಾಸ್ತಿ ಯೋಚ್ನೆ ಮಾಡ್ದೆ ಕೇಂದ್ರವಾದಿ ಅಂತ ಬರ್ದೆ. ಕರಡನ್ನ ನಮ್ಮ ಚಿಕ್ಕಪ್ಪಂಗೆ ಓದಕ್ಕೆ ಕೊಟ್ಟೆ, ರಿಟೈರ್ಡ್ ಮೇಷ್ಟ್ರು, ಕೆಂಪು ಪೆನ್ ಇನ್ನೂ ಕೆಳಗಿಟ್ಟಿಲ್ಲ. ಮಾರ್ಜಿನ್ನಲ್ಲಿ ಬರ್ದಿದ್ರು, "ಇವನ್ಯಾಕೆ ಡೆಲ್ಲಿ ಪರ?" ಅಂತ. ಅವರ ಪ್ರಕಾರ ಕೇಂದ್ರವಾದಿ ಅಂದ್ರೆ ತೆರಿಗೆ ಪಾಲಿಗೆ ರಾಜ್ಯ ಜಗಳಕ್ಕೆ ನಿಂತಾಗ ಕೇಂದ್ರ ಸರ್ಕಾರದ ಕಡೆ ಮಾತಾಡೋನು. ತಪ್ಪೇನಿಲ್ಲ, ನಮಗೆ ಕೇಂದ್ರ ಅಂದ್ರೆ ಡೆಲ್ಲೀನೇ.

ಸರಿ ಮಧ್ಯಮಪಂಥೀಯ ಅಂತ ತಿದ್ದಿದೆ. ಅದಕ್ಕೂ ತಕರಾರು. ಮಧ್ಯಮ ಅಂದ ತಕ್ಷಣ ಮಧ್ಯಮವರ್ಗ ನೆನಪಾಗತ್ತೆ, ಇಎಂಐ ಕಟ್ಕೊಂಡು ಸೈಟ್ ತಗೊಂಡವ್ರ ಪಾರ್ಟಿ ಏನೋ ಅನ್ನಿಸತ್ತೆ. ಪಂಥ ಅನ್ನೋದನ್ನ ಬಾಯಲ್ಲಿ ಹೇಳಿದ್ರೆ ಪಂತ ಕಟ್ಟೋದು ಅಂತಾನೇ ಕೇಳ್ಸೋದು. ಇನ್ನು ಅರ್ಧ ಜನ ಮಧ್ಯ ಅಂತ ಟೈಪ್ ಮಾಡೋ ಕಡೆ ಮದ್ಯ ಅಂತ ಮಾಡ್ತಾರೆ, ಮದ್ಯಪಂಥೀಯರು ಅಂತ ಪ್ರಿಂಟ್ ಆದ್ರೆ ಆ ಪಕ್ಷಕ್ಕೆ ನಮ್ಮಲ್ಲಿ ಬಹುಮತ ಗ್ಯಾರಂಟಿ.

ಲೇಖನದಲ್ಲೇ ಬರೋ ಮಾಡರೇಟ್ (ಅತಿಗೆ ಹೋಗದೋನು) ಅನ್ನೋದಕ್ಕಾದ್ರೂ ಹಳೇ ಪದ ಇದೆ ಅಂತ ಸ್ಕೂಲಿನ ಇತಿಹಾಸದ ಪಾಠ ಜ್ಞಾಪಿಸ್ಕೊಂಡೆ. ಗೋಖಲೆಯವ್ರು ಮಂದಗಾಮಿ, ತಿಲಕರು ತೀವ್ರಗಾಮಿ, 1907ರಲ್ಲಿ ಸೂರತ್ತಲ್ಲಿ ಕಾಂಗ್ರೆಸ್ ಒಡೀತು. ಆದ್ರೆ ಈ ಪದಗಳು ಅಳೆಯೋದು ಸ್ಪೀಡನ್ನ, ಎಲ್ಲಿ ನಿಂತಿದಾನೆ ಅನ್ನೋದನ್ನಲ್ಲ. ಮಂದ ಅನ್ನೋದ್ರಲ್ಲಿ ಒಂಚೂರು ಪೆದ್ದತನದ ವಾಸನೆನೂ ಇದೆ. ಅಮೆರಿಕದಲ್ಲಿ ಮಾಡರೇಟ್ ಬೇರೆ ಸೆಂಟ್ರಿಸ್ಟ್ ಬೇರೆ ಅಂತ ಲೇಖಕ ಎರಡು ಪುಟ ವಾದ ಮಾಡಿದಾನೆ, ಹಾಗಾಗಿ ಎರಡಕ್ಕೂ ಒಂದೇ ಪದ ಹಾಕಿ ಕೈ ತೊಳ್ಕೊಳ್ಳೋ ಹಾಗೂ ಇಲ್ಲ.

ಆಮೇಲೆ ತಟಸ್ಥ. ಇದರ ಮೇಲೆ ಒಂದಿನ ಪೂರ್ತಿ ಕೂತಿದ್ದೆ. ತಟ ಅಂದ್ರೆ ದಡ, ತಟಸ್ಥ ಅಂದ್ರೆ ದಡದ ಮೇಲೆ ನಿಂತೋನು, ನೀರಿಗೆ ಇಳೀದೇ ಇದ್ದೋನು. ಆದ್ರೆ ಸೆಂಟ್ರಿಸ್ಟ್ ನೀರಲ್ಲೇ ಇದಾನಲ್ಲ, ಓಟ್ ಹಾಕ್ತಾನೆ, ಎಲೆಕ್ಷನ್ನಿಗೆ ನಿಲ್ತಾನೆ, ಎರಡೂ ಕಡೆಯಿಂದ ಬೈಸ್ಕೋತಾನೆ. ಮಧ್ಯಸ್ಥ ಅಂದ್ರೆ ಪಂಚಾಯ್ತಿ ಮಾಡೋನು, ಅವನಿಗೆ ಸ್ವಂತದ್ದು ಅಂತ ಪಕ್ಷ ಇರಬಾರ್ದು. ಉದಾಸೀನ ಅಂದ್ರೆ ಈಗ ಸೋಮಾರಿತನಕ್ಕೆ ಹತ್ರದ ಅರ್ಥ ಬಂದ್ಬಿಟ್ಟಿದೆ, ಮೂಲದಲ್ಲಿ ಅದು ದೂರ ಹೋಗಿ ಕೂತೋನು ಅಂತ. ಮಜಾ ಏನಂದ್ರೆ ಕೌಟಿಲ್ಯನ ರಾಜಮಂಡಲದಲ್ಲಿ (ಅರ್ಥಶಾಸ್ತ್ರದಲ್ಲಿ ಬರೋ ಸುತ್ತಮುತ್ತಲ ರಾಜರ ಲೆಕ್ಕ) ಮಧ್ಯಮ ಅನ್ನೋ ರಾಜನೇ ಬೇರೆ ಉದಾಸೀನ ಅನ್ನೋ ರಾಜನೇ ಬೇರೆ. ಗೆಲ್ಲಕ್ಕೆ ಹೊರಟೋನು ಮತ್ತು ಅವನ ಶತ್ರು, ಇಬ್ಬರ ಗಡಿಗೂ ತಾಗಿಕೊಂಡಿರೋನು ಮಧ್ಯಮ, ಇಬ್ಬರಿಗೂ ಸಹಾಯ ಮಾಡಬಲ್ಲ, ಅವ್ರು ಒಂದಾಗದೆ ಇದ್ರೆ ಯಾರಿಗೆ ಬೇಕಾದ್ರೂ ತಿರುಗಿ ಬೀಳಬಲ್ಲ. ಉದಾಸೀನ ಇವರೆಲ್ಲರಿಂದ ಆಚೆ ಇರೋ ಬಲಶಾಲಿ. ಅಂದ್ರೆ ನಡುವೆ ಇರೋನಿಗೂ ಆಚೆ ಇರೋನಿಗೂ ವ್ಯತ್ಯಾಸ ಇದೆ ಅಂತ ಆಗ್ಲೇ ಗೊತ್ತಿತ್ತು, ನಾವು ಈಗ ಎರಡನ್ನೂ ತಟಸ್ಥ ಅನ್ನೋ ಒಂದೇ ಚೀಲಕ್ಕೆ ತುಂಬ್ತಾ ಇದೀವಿ.

ಸಂಸ್ಕೃತ ಬಿಟ್ಟು ಆಡುಮಾತಿಗೆ ಬಂದ್ರೆ ಇನ್ನೂ ಕಷ್ಟ. ಎಡಬಿಡಂಗಿ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡೋನು. ಎರಡು ದೋಣಿಲಿ ಕಾಲಿಟ್ಟೋನು. ಹಾವೂ ಸಾಯಬಾರ್ದು ಕೋಲೂ ಮುರೀಬಾರ್ದು ಅನ್ನೋನು. ಎಲ್ಲಾ ಬೈಗುಳವೇ, ಒಂದಾದ್ರೂ ಮರ್ಯಾದೆಯ ಪದ ಇದ್ಯಾ ಹೇಳಿ. ಇದು ಬರೀ ನಮ್ಮ ಗುಣ ಅಂತ ಅಂದ್ಕೊಂಡಿದ್ದೆ, ಅಲ್ಲ. ಎಡ ಬಲ ಅನ್ನೋ ಮಾತು ಹುಟ್ಟಿದ್ದೇ 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಯಾರು ಯಾವ ಕಡೆ ಕೂತ್ರು ಅನ್ನೋದ್ರಿಂದ, ರಾಜನ ಪರ ಇದ್ದೋರು ಅಧ್ಯಕ್ಷರ ಬಲಕ್ಕೆ, ವಿರೋಧ ಇದ್ದೋರು ಎಡಕ್ಕೆ. 1792ರಲ್ಲಿ ಕನ್ವೆನ್ಷನ್ ಅನ್ನೋ ಹೊಸ ಸಭೆ ಬರೋ ಹೊತ್ತಿಗೆ ಮೇಲಿನ ಬೆಂಚಲ್ಲಿ ಕೂತ ಉಗ್ರರಿಗೆ ಬೆಟ್ಟ ಅಂತ ಹೆಸರು, ಯಾವ ಗುಂಪಿಗೂ ಸೇರದೆ ಕೆಳಗೆ ಕೂತ ದೊಡ್ಡ ಗುಂಪಿಗೆ ಬಯಲು ಅಂತ, ಆಗದೇ ಇರೋರು ಅದನ್ನೇ ಜೌಗು ಅಂತಿದ್ರು, ಅಲ್ಲಿರೋರು ಜೌಗಿನ ಕಪ್ಪೆಗಳು. ಆ ಕಪ್ಪೆಗಳೇ 1794ರ ಜುಲೈನಲ್ಲಿ ಕೈ ಬಿಟ್ಟಿದ್ರಿಂದ ಬೆಟ್ಟದವರ ನಾಯಕ ರೊಬೆಸ್ಪಿಯರ್ ತಲೆ ಹೋಯ್ತು, ಅದು ಬೇರೆ ಮಾತು.

ಅದೇ ಫ್ರಾನ್ಸಲ್ಲಿ 2017ರ ಅಧ್ಯಕ್ಷರ ಎಲೆಕ್ಷನ್ನಲ್ಲಿ ಮ್ಯಾಕ್ರನ್ ಎಡಾನೂ ಅಲ್ಲ ಬಲಾನೂ ಅಲ್ಲ ಅಂತ ಗೆದ್ರು, ಭಾಷಣದಲ್ಲಿ ಮಾತು ಮಾತಿಗೂ "ಅದೇ ಹೊತ್ತಿಗೆ" ಅಂತ ಸೇರಿಸ್ತಿದ್ರು, ಜನ ಅದನ್ನೇ ಹಿಡ್ಕೊಂಡು ಆಡ್ಕೊಂಡ್ರು. ನನಗೆ ಗಂಟು ಬಿಚ್ಚಿದ್ದು ಇಲ್ಲೇ. ಅದೂ ಅಲ್ಲ ಇದೂ ಅಲ್ಲ ಅನ್ನೋ ನಡು ಒಂದು, ಅದೂ ಹೌದು ಇದೂ ಹೌದು ಅನ್ನೋ ನಡು ಇನ್ನೊಂದು. ನಮ್ಮ ಬೈಗುಳಗಳೆಲ್ಲ ಮೊದಲನೇದಕ್ಕೆ ಸರಿಯಾಗಿ ಕೂರ್ತವೆ, ಎರಡನೇದಕ್ಕೆ ಪದಾನೇ ಇಲ್ಲ.

ಈಗ ಧ್ರುವೀಕರಣಕ್ಕೆ ಬರ್ತೀನಿ, ಅದು ಸುಲಭ ಅಂದ್ಕೊಂಡಿದ್ದೆ. ನಮ್ಮ ಧ್ರುವ ಒಬ್ಬನೇ, ಅಪ್ಪನ ತೊಡೆ ಮೇಲೆ ಕೂರಕ್ಕೆ ಬಿಡ್ಲಿಲ್ಲ ಅಂತ ತಪಸ್ಸಿಗೆ ಹೋದ ಹುಡುಗ (ಅದೂ ಕೂರೋ ಜಾಗದ ಜಗಳವೇ ನೋಡಿ), ಎರಡನೇ ಧ್ರುವ ಭೂಗೋಳದ ಪುಸ್ತಕದಿಂದ ಬಂದಿದ್ದು. ಅದಿರ್ಲಿ. ನಮ್ಮ ಪೇಪರುಗಳಲ್ಲಿ ಎಲೆಕ್ಷನ್ ಟೈಮಲ್ಲಿ "ಮತಗಳ ಧ್ರುವೀಕರಣ" ಅಂದ್ರೆ ಒಂದು ಸಮುದಾಯದ ಓಟೆಲ್ಲ ಒಂದೇ ಕಡೆ ಬೀಳೋದು, ಅಂದ್ರೆ ಕ್ರೋಢೀಕರಣ. ಇಂಗ್ಲಿಷಿನ ಪದ ಹೇಳೋದು ಎರಡು ಕಡೆಗೆ ಸರಿದು ನಡು ಖಾಲಿಯಾಗೋದನ್ನ. ಸಾಲದ್ದಕ್ಕೆ ಮತ ಅಂದ್ರೆ ಓಟೂ ಹೌದು, ಧರ್ಮಾನೂ ಹೌದು, ಅಭಿಪ್ರಾಯಾನೂ ಹೌದು, ಹೆಡ್‌ಲೈನಲ್ಲಿ ಯಾವುದು ಅಂತ ನೀವೇ ಊಹೆ ಮಾಡ್ಕೋಬೇಕು. ಎಡ-ಬಲ ಅಂತ ದಪ್ಪಕ್ಷರದಲ್ಲಿ ಕಂಡ್ರೂ ಅಷ್ಟೇ, ಒಳಮೀಸಲಾತಿ ಸುದ್ದಿ ಆಗಿದ್ರೆ ಅದು ಎಡಗೈ ಬಲಗೈ ಸಮುದಾಯಗಳ ವಿಷಯ, ಫ್ರಾನ್ಸಿಗೂ ಅದಕ್ಕೂ ಸಂಬಂಧಾನೇ ಇಲ್ಲ.

ಲೇಖನದಲ್ಲಿ ಎರಡು ಥರದ ಪೋಲರೈಸೇಶನ್ ಬರತ್ತೆ. ಒಂದು ಅಭಿಪ್ರಾಯದ್ದು. ಅಮೆರಿಕದಲ್ಲಿ ಸರ್ವೆ ಮಾಡೋ ಪ್ಯೂ ಸಂಸ್ಥೆಯ 2014ರ ಲೆಕ್ಕದಲ್ಲಿ ರಿಪಬ್ಲಿಕನ್ನರ (ಅಲ್ಲಿನ ಬಲದ ಪಕ್ಷ) ಪೈಕಿ 92% ಜನ ನಟ್ಟನಡುವಿನ ಡೆಮಾಕ್ರಟ್‌ಗಿಂತ (ಎಡದ ಪಕ್ಷದವ್ರನ್ನ ಸಾಲಾಗಿ ನಿಲ್ಲಿಸಿದ್ರೆ ಸರಿಯಾಗಿ ಮಧ್ಯೆ ಬರೋನು) ಬಲಕ್ಕಿದ್ರು, 1994ರಲ್ಲಿ ಅದು 64% ಇತ್ತು. ಇದಕ್ಕೆ ಧ್ರುವೀಕರಣ ನಡೆಯತ್ತೆ. ಇನ್ನೊಂದು ಮನಸ್ಸಿನದ್ದು, ವಾದಕ್ಕಿಂತ ಹೆಚ್ಚಾಗಿ ದ್ವೇಷ. ಅದನ್ನ ಅಳೆದಿದ್ದು ಹೇಗೆ ಗೊತ್ತಾ, ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವ್ರನ್ನ ಮದ್ವೆ ಆದ್ರೆ ಬೇಜಾರಾ ಅಂತ ಕೇಳಿ. 1960ರಲ್ಲಿ ಹೌದು ಅಂದೋರು ಎರಡೂ ಪಕ್ಷದಲ್ಲಿ ನೂರಕ್ಕೆ ನಾಲ್ಕೈದು ಜನ, 2010ಕ್ಕೆ ರಿಪಬ್ಲಿಕನ್ನರಲ್ಲಿ ಹತ್ರಹತ್ರ ಅರ್ಧ, ಡೆಮಾಕ್ರಟರಲ್ಲಿ ಮೂರರಲ್ಲೊಂದು ಭಾಗ. ಬೀಗತನದ ಲೆಕ್ಕ! ಇದನ್ನ ಧ್ರುವೀಕರಣ ಅಂದ್ರೆ ಫಿಸಿಕ್ಸ್ ಲ್ಯಾಬ್ ನೆನಪಾಗತ್ತೆ.

ನಮ್ಮಜ್ಜಿ ಊರಲ್ಲಿ ಇದಕ್ಕೆ "ಊರು ಎರಡು ಪಾರ್ಟಿ ಆಗದೆ" ಅಂತಿದ್ರು. ಗ್ರಾಮ ಪಂಚಾಯ್ತಿ ಎಲೆಕ್ಷನ್ನಿಗೆ ಪಕ್ಷದ ಚಿಹ್ನೆನೇ ಇರಲ್ಲ, ಆದ್ರೂ ಪಾರ್ಟಿ. ಒಂದು ಎಲೆಕ್ಷನ್ ಮುಗಿದ ಮೇಲೆ ಒಂದೇ ಇದ್ದ ಹೋಟ್ಲು ಎರಡಾಯ್ತು, ಎದುರುಬದುರು, ಈ ಕಡೆ ಟೀ ಕುಡಿಯೋರು ಆ ಕಡೆಯೋರ ಹತ್ರ ಬೀಡಿಗೆ ಬೆಂಕಿಪಟ್ಣನೂ ಕೇಳ್ತಿರ್ಲಿಲ್ಲ, ಹೆಣ್ಣು ಕೊಟ್ಟು ತರೋದಂತೂ ದೂರದ ಮಾತು. ಪೋಸ್ಟ್‌ಮ್ಯಾನ್ ಒಬ್ಬ ಮಾತ್ರ ಬೆಳಿಗ್ಗೆ ಇಲ್ಲಿ ಇಡ್ಲಿ ತಿಂದು ಅಲ್ಲಿ ಟೀ ಕುಡೀತಿದ್ದ. ಎಲೆಕ್ಷನ್ನಲ್ಲಿ ಅಧ್ಯಕ್ಷನಿಗೆ ಇವರ ಕಡೆಯೋನು ಸರಿ, ನೀರಿನ ಟ್ಯಾಂಕಿನ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತ ಎರಡೂ ಹೋಟ್ಲಲ್ಲಿ ಬಾಯ್ಬಿಟ್ಟೇ ಹೇಳ್ತಿದ್ದ. ಇಡ್ಲಿ ಕಡೆಯೋರು ಅವನನ್ನ ಎಡಬಿಡಂಗಿ ಅಂದ್ರು, ಟೀ ಕಡೆಯೋರು ಎರಡು ನಾಲಿಗೆಯೋನು ಅಂದ್ರು.

ನಾನೀಗ ಯೋಚ್ನೆ ಮಾಡಿರೋದು ನಡುನಿಲುವು, ನಡುನಿಲುವಿನವ್ರು. ನಿಲುವು ಅನ್ನೋದ್ರಲ್ಲಿ ಇವನಿಗೂ ಒಂದು ಅಭಿಪ್ರಾಯ ಇದೆ ಅಂತ ಬರತ್ತೆ, ತಟಸ್ಥದ ಸಮಸ್ಯೆ ಇರಲ್ಲ. ಚಿಕ್ಕಪ್ಪ ಓದಿ, ನಡು ಅಂದ್ರೆ ಸೊಂಟ ಕಣೋ, ಇದು ಬೆನ್ನುನೋವಿಗೆ ಹೇಳ್ಕೊಡೋ ಆಸನ ಇದ್ದಂಗಿದೆ ಅಂದ್ರು. ದ್ವೇಷದ ಪೋಲರೈಸೇಶನ್ನಿಗೆ ಇಬ್ಬಣ ಅಂತ ಮಾಡಿದ್ದೆ, ಎರಡು ಬಣ ಅನ್ನೋ ಅರ್ಥಕ್ಕೆ, ಅದನ್ನ ಇಬ್ಬನಿ ಅಂತ ತಿದ್ದಿ ವಾಪಸ್ ಕಳ್ಸಿದಾರೆ.

ಹಾಗಾಗಿ ಕೇಳ್ತಿರೋದು ಇಷ್ಟು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯೋರು, ನಿಮ್ಮ ಊರಲ್ಲಿ ಆ ಪೋಸ್ಟ್‌ಮ್ಯಾನ್ ಥರದೋನಿಗೆ ಬೈಗುಳ ಅಲ್ಲದ ಪದ ಏನಾದ್ರೂ ಇದ್ಯಾ? ಎರಡು ಪಾರ್ಟಿ ಆಗೋದಕ್ಕೆ ನಿಮ್ಮಲ್ಲಿ ಏನಂತಾರೆ? ಹೊಸದಾಗಿ ಕಟ್ಟಿದ ಪದಕ್ಕಿಂತ ಬಾಯಲ್ಲಿ ಬಳಕೇಲಿರೋದು ಸಿಕ್ರೆ ಒಳ್ಳೇದು. ಶುಕ್ರವಾರ ಕರಡು ಕೊಡ್ಬೇಕು, ಸದ್ಯಕ್ಕೆ ನಡುನಿಲುವು ಅಂತ ಬರ್ದು ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಪ್ರಶ್ನಾರ್ಥಕ ಹಾಕಿಟ್ಟಿದೀನಿ.