ಊರಂಚಿನ ಹೋಟೆಲುಗಳ ಕೈಪಿಡಿ ಮಾಡಬೇಕು: ಏನು ನೋಡಬೇಕು, ಏನು ಬರೆಯಬೇಕು?

ಬೇಲಿಯಾಚೆ:

ನಗರ ಮುಗಿದು ಹೊಲ ಶುರುವಾಗುವ ಜಾಗ. ನಡುನಡುವೆ ಹೊಸ ಬಡಾವಣೆ, ಗೋದಾಮು, ಕೋಳಿ ಫಾರಂ, ಮಧ್ಯೆ ಹಾದುಹೋಗುವ ಹೆದ್ದಾರಿ. ತಿನ್ನುವ ಜಾಗಗಳು ಹುಡುಕಿದರೆ 25 ಸಿಗಬಹುದು. ಹೆದ್ದಾರಿ ಬದಿಯ ದೊಡ್ಡವು, ಹುಲ್ಲುಹಾಸಿನ ಮೇಲೆ ಮೇಜು ಹಾಕಿ ವಾರಾಂತ್ಯಕ್ಕೆ ಬದುಕುವಂಥವು, ಕೆಲಸಗಾರರು ಉಣ್ಣುವ ಸಣ್ಣ ಊಟದ ಮನೆಗಳು, ಸಂಜೆ ಮಾತ್ರ ನಿಲ್ಲುವ ಗಾಡಿಗಳು.

ಹೊಸದಾಗಿ ಮನೆ ಮಾಡಿಕೊಂಡು ಬರುವವರಿಗೆ ಒಂದು ಕೈಪಿಡಿ ಮಾಡೋಣ ಎಂದಿದೆ. ಸ್ಟಾರ್ ಹಾಕಿ ಪಟ್ಟಿ ಮಾಡಿದರೆ ಸುಲಭ, ಆದರೆ ತಿಂಗಳು ತುಂಬುವುದರೊಳಗೆ "ನೀವು ಬರೆದ ಹಾಗೆ ಅಲ್ಲಿ ಏನೂ ಇಲ್ಲ" ಅಂತ ಜಗಳಕ್ಕೆ ಬರುತ್ತಾರೆ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ಹಳಸಲು. ಅಡುಗೆಮನೆಯ ಕೆಲಸ ಗೊತ್ತಿರುವವರು, ಇಂಥ ಪಟ್ಟಿ ಮಾಡಿದವರು ಹೇಳಿ: ಒಂದೊಂದು ಜಾಗದಲ್ಲಿ ಏನನ್ನು ಗಮನಿಸಿ ಬರೆದುಕೊಂಡರೆ ಉಪಯೋಗಕ್ಕೆ ಬರುತ್ತದೆ?

ಸೌಟು:

ಸ್ಟಾರ್ ಬಿಟ್ಟುಬಿಡಿ ಸರ್. ನಗರದ ನಡುವಿನ ಹೋಟೆಲಿಗೆ ಮಂಗಳವಾರವೂ ಭಾನುವಾರವೂ ಹೆಚ್ಚುಕಮ್ಮಿ ಒಂದೇ. ಊರಂಚಿನಲ್ಲಿ ಹಾಗಲ್ಲ. ಭಾನುವಾರ 200 ಜನ ಕೂತಿದ್ದ ಹುಲ್ಲುಹಾಸಿನಲ್ಲಿ ಮಂಗಳವಾರ ಎರಡು ಮೇಜು ತುಂಬಿದರೆ ಪುಣ್ಯ. ಮೆನು ಮಾತ್ರ ಅದೇ 80 ಐಟಂ. ಇಬ್ಬರು ಅಡುಗೆಯವರು ಆ 80 ಐಟಂ ಎಲ್ಲಿಂದ ಹುಟ್ಟಿಸುತ್ತಾರೆ? ಮೊದಲೇ ಮಾಡಿಟ್ಟ ಮೂರು ನಾಲ್ಕು ಗ್ರೇವಿ, ಫ್ರೀಜರಿನಲ್ಲಿ ಮಲಗಿರುವ ಮಾಂಸ, ಮೇಲೊಂದು ಬೇರೆ ಬೇರೆ ಒಗ್ಗರಣೆ. ಒಂದೇ ಜಾಗದ ಬಗ್ಗೆ ಇಬ್ಬರು ತದ್ವಿರುದ್ಧ ಹೇಳಿದರೆ ಇಬ್ಬರದೂ ನಿಜವೇ ಇರಬಹುದು, ಹೋದ ದಿನ ಬೇರೆ ಅಷ್ಟೆ.

ಆದ್ದರಿಂದ ಕೈಪಿಡಿಯನ್ನು ವಾರ ಮತ್ತು ಹೊತ್ತಿನ ಮೇಲೆ ಕಟ್ಟಿ. ಯಾವ ಜಾಗದಲ್ಲಿ ಯಾವ ದಿನ, ಎಷ್ಟು ಗಂಟೆಗೆ ಒಲೆ ನಿಜವಾಗಿ ಉರಿಯುತ್ತದೆ? ಅದು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಮಾಣಿಯನ್ನು "ಏನು ಚೆನ್ನಾಗಿರುತ್ತೆ?" ಎಂದು ಕೇಳಬೇಡಿ, ಎಲ್ಲವೂ ಚೆನ್ನಾಗಿರುತ್ತದೆ. "ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದ್ದೀರಿ?", "ಮಾಂಸ, ಮೀನು ಯಾವ್ಯಾವ ದಿನ ಬರುತ್ತೆ?" ಎಂದು ಕೇಳಿ. ಸರಕಿನ ಗಾಡಿ ವಾರಕ್ಕೆ ಎರಡೇ ಸಲ ಬರುವ ಜಾಗವಾದರೆ ಬಂದ ದಿನ ಮತ್ತು ಮರುದಿನ ಹೋಗುವುದು ಲೇಸು. ಮೂರನೆಯ ದಿನಕ್ಕೆ ಮೀನಿನ ಆಸೆ ಬಿಡಬೇಕು.

ಬೋರ್ಡಿನ ಮೇಲಿನ ಸಮಯವನ್ನೇ ಬರೆದುಕೊಳ್ಳಬೇಡಿ. ಬಾಗಿಲು ಹಾಕುವ ಹೊತ್ತು ಬೇರೆ, ಒಲೆ ಆರುವ ಹೊತ್ತು ಬೇರೆ. ಗಿರಾಕಿ ಕಡಿಮೆಯಿದ್ದ ರಾತ್ರಿ ಬಾಗಿಲಿಗಿಂತ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಎಣ್ಣೆ ಇಳಿಸಿ ಬಾಣಲೆ ತಿಕ್ಕಲು ಶುರುಮಾಡುತ್ತಾರೆ. ಆಮೇಲೆ ಬಂದವರಿಗೆ ಸಿಗುವುದು ಬಿಸಿಮಾಡಿದ್ದು. "ಕೊನೆಯ ಆರ್ಡರ್ ಎಷ್ಟಕ್ಕೆ?" ಎಂದು ಕೇಳಿ, ಅದನ್ನೇ ಹಾಕಿ.

ಇನ್ನು ಕಾಯುವ ವಿಷಯ. ಜನ ಕುರ್ಚಿ ಎಣಿಸುತ್ತಾರೆ, ಎಣಿಸಬೇಕಾದದ್ದು ಒಲೆ. ಹೇಳಿದ ಮೇಲೆ ಮಾಡುವ ಪದಾರ್ಥಕ್ಕೆ ಬಾಣಲೆ ತೊಳೆಯುವುದೂ ಸೇರಿ 6 ನಿಮಿಷ ಹಿಡಿಯಿರಿ, ಒಂದು ಒಲೆಗೆ ಗಂಟೆಗೆ 10 ಪದಾರ್ಥ. 4 ಒಲೆಗೆ 40. ನಾಲ್ಕು ಜನರ ಮೇಜು 5 ಪದಾರ್ಥ ಹೇಳಿದರೆ ಗಂಟೆಗೆ 8 ಮೇಜು ಮಾತ್ರ. ಹುಲ್ಲಿನ ಮೇಲೆ 25 ಮೇಜು ಹಾಕಿಟ್ಟು ಎಲ್ಲವೂ ಒಂದೂವರೆಗೆ ತುಂಬಿದರೆ ಕೊನೆಯ ಮೇಜಿಗೆ ಊಟ ಬರುವುದು ನಾಲ್ಕೂವರೆಗೆ! ಬಾಗಿಲಲ್ಲಿ ಜನ ನಿಂತಿದ್ದು ಒಳಗೆ ಮೇಜು ಖಾಲಿ ಕಂಡರೆ ಅಡುಗೆಮನೆ ಕಟ್ಟಿಕೊಂಡಿದೆ ಎಂದರ್ಥ, ಕೂತರೂ ಪ್ರಯೋಜನವಿಲ್ಲ. ಅಂಥ ಜಾಗಕ್ಕೆ "ವಾರಾಂತ್ಯ 12:15ರೊಳಗೆ ಅಥವಾ 3ರ ಮೇಲೆ" ಎಂದು ಒಂದು ಸಾಲು ಬರೆದರೆ ಜನ ನಿಮ್ಮನ್ನು ಹರಸುತ್ತಾರೆ.

ಊಟದ ಮನೆಗಳದ್ದು ಇದಕ್ಕೆ ಉಲ್ಟಾ ಲೆಕ್ಕ. ಐದಾರು ಪದಾರ್ಥ, ದಿನವೂ ಅದೇ ಜನ, ಅರ್ಧ ಗಂಟೆ ಬಿಡುವಿನ ಕೆಲಸಗಾರರು. ನಿನ್ನೆಯದನ್ನು ಬಡಿಸಿದರೆ ನಾಳೆ ಬರುವುದಿಲ್ಲ. ಮೊದಲ ಪಾತ್ರೆ ಇಳಿದ ಅರ್ಧ ಗಂಟೆಯೊಳಗೆ ಹೋಗಿ ಉಂಡರೆ ಈ ಪ್ರದೇಶದಲ್ಲಿ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಫ್ಯಾಕ್ಟರಿ ರಜೆಯ ದಿನ ಅಲ್ಲಿಗೆ ಹೋಗಬೇಡಿ, ಮಾಡಿರುವುದೂ ಕಡಿಮೆ, ಉಳಿದಿರುವುದೂ ಹಳೆಯದು.

ಮೈಲಿಗಲ್ಲು:

ಸೌಟು ಅವರ ಮಾತಿಗೆ ಪೂರ್ತಿ ಒಪ್ಪಿಗೆಯಿಲ್ಲ. ವಾರ, ಹೊತ್ತು ಸರಿ. ಆದರೆ ಊರಂಚಿನಲ್ಲಿ ಮೊದಲ ತೊಂದರೆ ಜಾಗಕ್ಕೆ ತಲುಪುವುದೇ. ನಕ್ಷೆಯ ಪಿನ್ ಹಲವು ಸಲ ಜಮೀನಿನ ನಡುಮಧ್ಯೆ ಇರುತ್ತದೆ, ಬಾಗಿಲು ಇನ್ನೊಂದು ರಸ್ತೆಗೆ. ನಡುವೆ ತಡೆಗೋಡೆ ಇರುವ ಹೆದ್ದಾರಿಯಲ್ಲಿ ಒಂದು ತಿರುವು ತಪ್ಪಿದರೆ ಮುಂದಿನ ಯೂ-ಟರ್ನ್‌ವರೆಗೆ ಹೋಗಿ ಬರಬೇಕು. ಪ್ರತಿ ಜಾಗಕ್ಕೂ ಗೇಟಿನ ಮುಂದೆ ನಿಂತು ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ. ದಶಮಾಂಶದ ನಂತರ 5 ಅಂಕಿ ಸಾಕು, ಒಂದು ಮೀಟರಿನ ಆಸುಪಾಸು. 3 ಅಂಕಿ ಬರೆದರೆ ನೂರು ಮೀಟರ್ ಆಚೀಚೆ, ಪಕ್ಕದ ಗೋದಾಮಿಗೆ ಕಳಿಸಿದ ಹಾಗೆ. ಪ್ಲಸ್ ಕೋಡ್ (ವಿಳಾಸದ ಬದಲು ಜಾಗವನ್ನು ಗುರುತಿಸುವ ಅಕ್ಷರ-ಅಂಕಿಗಳ ಸಂಕೇತ) ಬಳಸಿದರೂ ಆದೀತು, 10 ಅಕ್ಷರದ್ದು ಸುಮಾರು 14 ಮೀಟರಿನ ಚೌಕವನ್ನು ತೋರಿಸುತ್ತದೆ. ಯಾವ ಕಡೆಯಿಂದ ಬಂದರೆ ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕು ಎಂಬುದನ್ನು ಮಾತಿನಲ್ಲಿ ಬರೆಯಿರಿ. ಕೊನೆಯ ಅರ್ಧ ಕಿಲೋಮೀಟರಿಗೆ ಬೀದಿದೀಪ ಇದೆಯೋ, ಪಕ್ಕದಲ್ಲಿ ತೆರೆದ ಚರಂಡಿಯೋ, ಮಳೆ ಬಂದರೆ ಸಣ್ಣ ಕಾರು ಹೋಗುತ್ತದೋ, ಇವೂ ಬೇಕು. ವಾಪಸ್ ಬರಲು ರಾತ್ರಿ 9ರ ಮೇಲೆ ಟ್ಯಾಕ್ಸಿ ಸಿಗುವುದಿಲ್ಲವೆಂದರೆ ಅದನ್ನು ಊಟದ ರುಚಿಗಿಂತ ಮೇಲೆ ಹಾಕಿ.

ಮೊಬೈಲ್ ಸಿಗ್ನಲ್ ಇಲ್ಲದ ತಗ್ಗುಗಳಿರುತ್ತವೆ. ಬಿಲ್ ಕೊಡುವ ಹೊತ್ತಿಗೆ ಫೋನು ಸುತ್ತುತ್ತಲೇ ಇರುತ್ತದೆ. "ನಗದು ಇರಲಿ" ಎಂಬ ಗುರುತು ಹಾಕಿ.

ಆನ್‌ಲೈನ್ ವಿಮರ್ಶೆ ಓದುವಾಗ "ಹೊಸದು ಮೊದಲು" ಎಂದು ಜೋಡಿಸಿ, ವಾರದ ನಡುವಿನ ದಿನಗಳಲ್ಲಿ ಹಾಕಿದ ಫೋಟೋ ಇದೆಯೇ ನೋಡಿ. ಒಂದೇ ವಾರದಲ್ಲಿ ಇಪ್ಪತ್ತು ಹೊಗಳಿಕೆ ಬಂದು ಆಮೇಲೆ ಮೌನವಾದರೆ ಅವು ಪ್ರಾರಂಭೋತ್ಸವದ ನೆಂಟರವು. ಸರಾಸರಿ ಅಂಕ ನೋಡಿ ಮೋಸಹೋಗಬೇಡಿ: ಅಡುಗೆಯವರು ಬಿಟ್ಟು ಹೋದರೂ ಹಳೆಯ ಅಂಕ ಅಲ್ಲೇ ಇರುತ್ತದೆ. ಊರಂಚಿನ ಸಣ್ಣ ಜಾಗದಲ್ಲಿ ರುಚಿ ಒಬ್ಬ ಮನುಷ್ಯನ ಕೈಯಲ್ಲಿರುತ್ತದೆ. ಅವರು ಹೋದರೆ ನಿಮ್ಮ ನಮೂದೂ ರದ್ದು.

ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ, 2004ರಿಂದ ನಡೆಯುತ್ತಿದೆ. ಅದರಲ್ಲಿ ಜಾಗ ತೆರೆದಿರುವ ಸಮಯ ಮತ್ತು ಅಡುಗೆಮನೆಯ ಸಮಯವನ್ನು ಬೇರೆ ಬೇರೆ ಬರೆಯಬಹುದು. ಸೌಟು ಹೇಳಿದ ವ್ಯತ್ಯಾಸವನ್ನು ಅಲ್ಲೇ ತುಂಬಿಬಿಟ್ಟರೆ ನಿಮ್ಮ ಕೈಪಿಡಿಯ ಹೊರಗಿನವರಿಗೂ ಸಿಗುತ್ತದೆ.

ಥರ್ಮಾಮೀಟರ್:

ರುಚಿ, ದಾರಿ ಎರಡೂ ಆಯಿತು. ಮೂರನೆಯದು ಕರೆಂಟು ಮತ್ತು ನೀರು, ಹೊರವಲಯದಲ್ಲಿ ಎರಡೂ ಕೈಕೊಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ ನಮಗೆ ಬೇಕಾದ ಅಂಕಿಗಳಿವೆ: ಬಿಸಿಯದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿನದು 5ಕ್ಕಿಂತ ಕೆಳಗೆ, ಬೇಯಿಸುವಾಗ ನಡುಭಾಗ 70 ಮುಟ್ಟಬೇಕು, ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಗಿರಾಕಿ ಥರ್ಮಾಮೀಟರ್ ಚುಚ್ಚಲಾಗುವುದಿಲ್ಲ, ಆದರೆ ನೋಡಬಹುದು. ಬಫೆಯ ಮುಚ್ಚಳ ತೆಗೆದಾಗ ಉಗಿ ಏಳುತ್ತದೆಯೇ? ತಟ್ಟೆಯ ಕೆಳಗಿನ ನೀರು ಕುದಿಯುವಷ್ಟು ಬಿಸಿಯಿದೆಯೇ, ಇಲ್ಲ ಅದರಡಿಯ ಬತ್ತಿ ಆರಿ ಗಂಟೆಯಾಗಿದೆಯೇ? ಖಾಲಿಯಾಗುತ್ತಿದ್ದಂತೆ ತಟ್ಟೆಯನ್ನೇ ಬದಲಿಸುತ್ತಾರೋ, ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾರೋ? ಸುರಿದರೆ ತಳದಲ್ಲಿರುವುದು ಬೆಳಗಿನಿಂದ ಅಲ್ಲೇ ಇರುತ್ತದೆ.

ಅನ್ನದ ಬಗ್ಗೆ ಜನ ಉದಾಸೀನ ಮಾಡುತ್ತಾರೆ. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಅನ್ನ ನಿಧಾನವಾಗಿ ಆರುವಾಗ ಚಿಗುರಿ ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಮಾಂಸದ ದೊಡ್ಡ ಗ್ರೇವಿ ಪಾತ್ರೆಗೂ ಇಂಥದೇ ಕಥೆ, ಅಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಸರಿಯಾದ ಕ್ರಮವೆಂದರೆ ಎರಡು ಮೂರು ಇಂಚು ದಪ್ಪಕ್ಕೆ ಅಗಲ ತಟ್ಟೆಯಲ್ಲಿ ಹರಡಿ ಬೇಗ ತಣಿಸಿ ಫ್ರಿಜ್‌ಗೆ ಹಾಕುವುದು. ಭಾನುವಾರದ ಜಾತ್ರೆ ಮುಗಿದ ಸುಸ್ತಿನಲ್ಲಿ ಅದನ್ನು ಎಲ್ಲರೂ ಮಾಡುತ್ತಾರೆಂದು ನಂಬಬೇಡಿ. ಆದ್ದರಿಂದ ಸೋಮವಾರ ಮಧ್ಯಾಹ್ನ ವಾರಾಂತ್ಯದ ಹೋಟೆಲಿನಲ್ಲಿ ಹುರಿದ ಅನ್ನ ಬೇಡ. ಕರಿದದ್ದೂ ಬೇಡ. ಭಾನುವಾರದ ಎಣ್ಣೆ ಸೋಮವಾರಕ್ಕೂ ಬಂದಿದ್ದರೆ ಬಾಣಲೆಯಲ್ಲಿ ನೊರೆ ನಿಲ್ಲುತ್ತದೆ, ಬೇಗ ಹೊಗೆಯಾಡುತ್ತದೆ, ತಿಂದ ಮೇಲೆ ಗಂಟಲು ಕೆರೆಯುತ್ತದೆ.

ಕರೆಂಟು ಹೋದಾಗ ಬಾಗಿಲು ತೆಗೆಯದ ಫ್ರಿಜ್ 4 ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಆದರೆ ಹೋಟೆಲಿನ ಫ್ರಿಜ್ ಬಾಗಿಲು ನಿಮಿಷಕ್ಕೊಮ್ಮೆ ತೆರೆಯುತ್ತದಲ್ಲ! "ಜನರೇಟರ್ ಇದೆ" ಎಂದರೆ ಸಾಲದು, ಅದು ದೀಪ-ಫ್ಯಾನಿಗೆ ಮಾತ್ರವೋ ಫ್ರೀಜರಿಗೂ ಸೇರಿದೆಯೋ ಕೇಳಿ. ಹಿಂದಿನ ದಿನ ಇಡೀ ಕರೆಂಟು ಇರಲಿಲ್ಲವೆಂದರೆ ಮಾಂಸ, ಹಾಲಿನ ಸಿಹಿ, ಐಸ್‌ಕ್ರೀಂ ಬಿಡಿ. ಐಸ್‌ಕ್ರೀಮಿನಲ್ಲಿ ಒರಟು ಐಸ್ ಹರಳು ಸಿಕ್ಕರೆ ಅದು ಕರಗಿ ಮತ್ತೆ ಗಟ್ಟಿಯಾದದ್ದಿರಬಹುದು.

ನೀರಿಗೆ ಶೌಚಾಲಯವೇ ಸಾಕ್ಷಿ. ಅಲ್ಲಿ ನಲ್ಲಿ ಒಣಗಿದ್ದರೆ, ಸಾಬೂನಿಲ್ಲದಿದ್ದರೆ, ಸಿಬ್ಬಂದಿಯ ಕೈ ತೊಳೆಯುವುದೂ ಅಷ್ಟಕ್ಕಷ್ಟೆ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಜಾಗದಲ್ಲಿ ಕುದಿಸದ ಪಾನೀಯ, ಐಸ್, ಹಸಿ ತರಕಾರಿ ಇವುಗಳನ್ನು ತಪ್ಪಿಸಿ. ಕೋಳಿ ಫಾರಂ, ಹಟ್ಟಿ ಹತ್ತಿರವಿದ್ದರೆ ನೊಣ ಇದ್ದೇ ಇರುತ್ತದೆ. ಊಟದ ಜಾಗದಲ್ಲಿ ನಾಲ್ಕು ನೊಣ ಕಂಡಿತೆಂದು ಗಾಬರಿಯಾಗಬೇಡಿ, ಅಡುಗೆಮನೆಯ ಕಿಟಕಿಗೆ ಜಾಲರಿ ಇದೆಯೇ, ಬೇಯಿಸಿದ್ದು ಮುಚ್ಚಿದೆಯೇ ನೋಡಿ.

ಕಡಲೆಬೇಡ:

ಅಲರ್ಜಿ ಇರುವವರಿಗೆ ಒಂದು ಮಾತು ಸೇರಿಸಿ. "ಇದರಲ್ಲಿ ಶೇಂಗಾ ಇದೆಯಾ?" ಎಂದರೆ "ಇಲ್ಲ" ಎನ್ನುತ್ತಾರೆ. ಯಾವ ಎಣ್ಣೆ, ಅದೇ ಬಾಣಲೆಯಲ್ಲಿ ಬೇರೇನು ಕರಿಯುತ್ತೀರಿ, ಗ್ರೇವಿ ಗಟ್ಟಿಯಾಗಲು ಏನು ರುಬ್ಬುತ್ತೀರಿ ಎಂದು ಮೂರು ಪ್ರಶ್ನೆ ಕೇಳಬೇಕು. ಎಳ್ಳು, ಗೋಡಂಬಿ ಸಿಕ್ಕಿಬೀಳುವುದು ಮೂರನೆಯದರಲ್ಲಿ. ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ ಎಂಬುದನ್ನು ಕೈಪಿಡಿಯ ಮೊದಲ ಪುಟದಲ್ಲೇ ಹಾಕಿ.

ಬೇಲಿಯಾಚೆ:

ಇದಿಷ್ಟೇ ಒಂದು ಕೈಪಿಡಿಯಾಯಿತು, ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. "ಅಲ್ಲಿ ತಿಂದು ಹೊಟ್ಟೆ ಕೆಟ್ಟಿತು, ಬರೆಯಿರಿ" ಎಂದು ಯಾರಾದರೂ ಹೇಳಿದರೆ ಹಾಕಬೇಕೇ? ಹದಿನೈದು ಜನರ ಗುಂಪು ಹೋಗುವುದಾದರೆ ಹೇಗೆ?

ಥರ್ಮಾಮೀಟರ್:

ಹಾಗೇ ಹಾಕಬೇಡಿ, ಮೊದಲು ಗಂಟೆ ಕೇಳಿ. ಎಲ್ಲರೂ ಕೊನೆಯ ಊಟವನ್ನೇ ದೂರುತ್ತಾರೆ. ತಿಂದ ಅರ್ಧ ಗಂಟೆಯಿಂದ ಐದಾರು ಗಂಟೆಯೊಳಗೆ ವಾಂತಿಯಾದರೆ ಆ ಊಟದ ಮೇಲೆ ಅನುಮಾನ ಪಡಬಹುದು, ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾದ ವಿಷ ಅಥವಾ ಅನ್ನದ ಆ ವಿಷ ಇಷ್ಟು ಬೇಗ ತೋರಿಸುತ್ತದೆ. ಪರ್ಫ್ರಿಂಜೆನ್ಸ್‌ಗೆ 6ರಿಂದ 24 ಗಂಟೆ. ನೊರೊವೈರಸ್‌ಗೆ 12ರಿಂದ 48 ಗಂಟೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ 6 ಗಂಟೆಯಿಂದ 6 ದಿನ. ಬೇರೆ ಬೇರೆ ಮನೆಯ ಇಬ್ಬರು ಮೂವರು, ಒಂದೇ ಹೊತ್ತು, ಒಂದೇ ಪದಾರ್ಥ ತಿಂದು ಕೆಟ್ಟಿದ್ದರೆ ಅದು ಸ್ಥಳೀಯ ಆಹಾರ ಸುರಕ್ಷತಾ ಅಧಿಕಾರಿಗೆ ಹೋಗಬೇಕಾದ ದೂರು, ಕೈಪಿಡಿಗಲ್ಲ. ರಕ್ತಭೇದಿ, ಹೆಚ್ಚು ಜ್ವರ, ನೀರೂ ನಿಲ್ಲದ ವಾಂತಿ ಇದ್ದರೆ ದೂರು ಆಮೇಲೆ, ಮೊದಲು ವೈದ್ಯರು.

ಸೌಟು:

ಗುಂಪಿಗೆ: ಹಿಂದಿನ ದಿನವೇ ಫೋನ್ ಮಾಡಿ, ತಲೆ ಎಷ್ಟು, ಎಷ್ಟು ಗಂಟೆಗೆ, ನಾಲ್ಕೈದು ಪದಾರ್ಥ ಮಾತ್ರ ಎಂದು ಗೊತ್ತುಮಾಡಿ. ಒಂದೇ ಪದಾರ್ಥ ಐದು ಪ್ಲೇಟ್ ಎಂದರೆ ದೊಡ್ಡ ಬಾಣಲೆಯಲ್ಲಿ ಒಂದೇ ಸಲಕ್ಕೆ ಆಗುತ್ತದೆ. ಹದಿನೈದು ಜನ ಹದಿನೈದು ಬಗೆ ಹೇಳಿದರೆ ನಾಲ್ಕು ಒಲೆಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇರಾವ ಮೇಜಿನ ಕೆಲಸವೂ ಇಲ್ಲ, ಮೊದಲು ಬಂದದ್ದು ಕೊನೆಯದು ಬರುವಷ್ಟರಲ್ಲಿ ಆರಿರುತ್ತದೆ. ಸಣ್ಣ ಊಟದ ಮನೆಗೆ ಹದಿನೈದು ಜನ ಹೇಳದೆ ನುಗ್ಗುವುದು ಸರಿಯಲ್ಲ, ದಿನವೂ ಬರುವವರ ಊಟ ಖಾಲಿಯಾಗುತ್ತದೆ.

ಮೈಲಿಗಲ್ಲು:

ನಮೂದು ಇಷ್ಟುದ್ದ ಸಾಕು, ಮಾದರಿಗೆ: "ಊಟದ ಮನೆ, ಗೋದಾಮಿನ ಎದುರು. ನೋಡಿದ್ದು ಬುಧವಾರ ಮಧ್ಯಾಹ್ನ 12:40, ತಾರೀಕು ಇಂಥದ್ದು. ಊಟ 12:15ಕ್ಕೆ ಶುರು, 2ಕ್ಕೆ ಮುಗಿಯುತ್ತದೆ. ಐದು ಪದಾರ್ಥ, ಕಾದದ್ದು 5 ನಿಮಿಷ. ನಗದು ಮಾತ್ರ. ಮೂರು ಮೆಟ್ಟಿಲು, ಗಾಲಿಕುರ್ಚಿ ಹೋಗದು. ಕೈತೊಳೆಯಲು ನೀರು, ಸಾಬೂನು ಇದೆ. ಭಾನುವಾರ ರಜೆ." ಚೆನ್ನಾಗಿದೆ, ಸುಮಾರಾಗಿದೆ ಎಂಬ ಮಾತೇ ಬೇಡ. ತಾರೀಕಿಲ್ಲದ ನಮೂದು ತೆಗೆದುಕೊಳ್ಳಬೇಡಿ. 6 ತಿಂಗಳಲ್ಲಿ ಯಾರೂ ಮತ್ತೆ ಹೋಗಿ ನೋಡದಿದ್ದರೆ ಅಳಿಸಿ. 25ರಲ್ಲಿ 15 ಉಳಿದರೂ ಪರವಾಗಿಲ್ಲ.