ಸಿಸ್ಟರ್ ಸಿಟಿಗೆ ‘ಅವಳಿ ನಗರ’ ಅಂದ್ರೆ ಸರೀನಾ?

ಎಲ್ರಿಗೂ ನಮಸ್ಕಾರ. ಬೇರೆ ಬೇರೆ ದೇಶದ ಎರಡು ಊರು ಒಪ್ಪಂದ ಮಾಡ್ಕೊಂಡು ಸ್ಕೂಲ್ ಮಕ್ಕಳನ್ನ ಅತ್ತಿಂದಿತ್ತ ಕಳಿಸೋದು, ಹಾಡು-ನಾಟಕದ ತಂಡ ಕರೆಸೋದು, ಮೇಯರ್‌ಗಳು ಬಂದು ಶಾಲು ಹಾರ ಹಾಕಿಸ್ಕೊಂಡು ಹೋಗೋದು ಇದೆಲ್ಲ ಇರುತ್ತಲ್ಲ, ಅಮೆರಿಕದೋರು ಸಿಸ್ಟರ್ ಸಿಟಿ ಅಂತಾರೆ, ಬ್ರಿಟನ್ನಿನೋರು ಟ್ವಿನ್ ಟೌನ್ ಅಂತಾರೆ, ಅದಕ್ಕೆ ಕನ್ನಡದಲ್ಲಿ ನೀವೆಲ್ಲ ಏನು ಬಳಸ್ತಿದೀರ? ನಾನು ಸೋದರಿ ನಗರ, ಸಹೋದರ ನಗರ, ಅವಳಿ ನಗರ ಮೂರೂ ಓದಿದೀನಿ.

ಅವಳಿ ನಗರ ನಂಗೆ ಸುತಾರಾಂ ಒಪ್ಪಿಗೆ ಇಲ್ಲ. ನಮಗೆ ಅವಳಿ ನಗರ ಅಂದ್ರೆ ಹುಬ್ಬಳ್ಳಿ-ಧಾರವಾಡ, ಮುಗೀತು. ಅಕ್ಕಪಕ್ಕ ಇರ್ಬೇಕು, ಸಿಟಿ ಬಸ್ಸಲ್ಲಿ ಹೋಗಿ ಬರೋ ಹಾಗಿರ್ಬೇಕು. ಇಂಗ್ಲೆಂಡಿನ ಕೊವೆಂಟ್ರಿ ಮತ್ತು ರಷ್ಯಾದ ವೋಲ್ಗೊಗ್ರಾಡ್ ಅವಳಿ ನಗರಗಳು ಅಂತ ಬರೆದ್ರೆ ಓದಿದೋರು ಮ್ಯಾಪ್ ತೆಗೀತಾರೆ ಅಷ್ಟೆ.

ಇನ್ನು ಸೋದರಿ. ಭಾಷಣದಲ್ಲಿ ಬಿಟ್ರೆ ಸೋದರಿ ಅಂತ ಯಾರು ಮಾತಾಡ್ತಾರೆ, ಒಂದೋ ಅಕ್ಕ ಇಲ್ಲಾ ತಂಗಿ. ಈ ತೊಡಕು ಬರೀ ನಮ್ದಲ್ಲ. ಜಪಾನಿನೋರು ‘ಶಿಮಾಯ್ ತೋಶಿ’ ಅಂತ ಅಕ್ಕನ ಅಕ್ಷರ ತಂಗಿಯ ಅಕ್ಷರ ಎರಡೂ ಸೇರಿಸಿ ಬರೀತಾರೆ. ಚೀನಾದೋರಿಗೆ ಅದು ಹಿಡಿಸ್ಲಿಲ್ಲ, 1973ರಲ್ಲಿ ಕೋಬೆಗೂ ತಿಯಾನ್‌ಜಿನ್‌ಗೂ ಒಪ್ಪಂದ ಆದಾಗ ಸ್ನೇಹದ ಪಟ್ಟಣ ಅನ್ನೋ ಅರ್ಥದ ಪದ ಹಿಡಿದ್ರು, ಯಾರು ಅಕ್ಕ ಯಾರು ತಂಗಿ ಅನ್ನೋ ರಗಳೆಯೇ ಬೇಡ ಅಂತ. ಆದ್ರೆ ಕನ್ನಡದಲ್ಲಿ ‘ಸ್ನೇಹ ನಗರ’ ಅಂದ್ರೆ ಯಾವ್ದೋ ಹೊಸ ಬಡಾವಣೆ ಹೆಸರಿನ ಥರ ಕೇಳ್ಸುತ್ತೆ, ಏನ್ಮಾಡೋದು.

ರಷ್ಯನ್ ಭಾಷೇದು ನಂಗೆ ಇಷ್ಟ ಆಯ್ತು. ಅವರ ‘ಪಬ್ರಾತಿಮ್’ ಒಡಹುಟ್ಟಿದೋನಲ್ಲ, ಆಣೆ ಮಾಡಿ ಅಣ್ಣತಮ್ಮ ಆದೋನು. ವಿಷ್ಯ ಇರೋದೇ ಅಲ್ಲಿ, ಇದು ಹುಟ್ಟಿಂದ ಬಂದ ಸಂಬಂಧ ಅಲ್ಲ, ಮಾಡ್ಕೊಂಡಿದ್ದು. ಯುದ್ಧದ ಸಮಯದಲ್ಲಿ ಕೊವೆಂಟ್ರಿಯ 800ಕ್ಕೂ ಹೆಚ್ಚು ಹೆಂಗಸರು ಒಂದು ಮೇಜುಬಟ್ಟೆ ಮೇಲೆ ತಂತಮ್ಮ ಹೆಸರು ಕಸೂತಿ ಹಾಕಿ, ತಲಾ ಆರು ಪೆನ್ಸ್ ಸೇರಿಸಿ ಸ್ಟಾಲಿನ್‌ಗ್ರಾಡಿಗೆ ಕಳಿಸಿದ್ರು, ಎರಡೂ ಊರು ಬಾಂಬಿಗೆ ಸಿಕ್ಕು ಪುಡಿಯಾಗಿದ್ದೋವು, 1944ರಲ್ಲಿ ಅಧಿಕೃತವಾಗಿ ಸಂಬಂಧ ಆಯ್ತು. ಅದೇ ಊರು ಈಗ ವೋಲ್ಗೊಗ್ರಾಡ್. ಉಕ್ರೇನ್ ಯುದ್ಧ ಶುರುವಾದ್ಮೇಲೆ 2022ರಲ್ಲಿ ಕೊವೆಂಟ್ರಿ ಆ ಸಂಬಂಧಾನ ಸದ್ಯಕ್ಕೆ ನಿಲ್ಲಿಸ್ತು. ಈಗ ಹೇಳಿ, ಸೋದರಿ ಅಂತ ಕರೆದಿದ್ರೆ ಈ ವಾಕ್ಯ ಹೆಂಗೆ ಬರೀತೀರಿ? ಸೋದರಿತನ ಅಮಾನತು ಆಯ್ತು ಅಂತಾನಾ?

ಅದಕ್ಕೇ ನಂಗೆ ‘ನಂಟು’ ಸರಿ ಅನ್ಸುತ್ತೆ. ನಂಟು ಬೆಳೆಸ್ಬೋದು, ಉಳಿಸ್ಕೋಬೋದು, ಹಳಸ್ಬೋದು, ಕಡ್ಕೋಬೋದು, ಕ್ರಿಯಾಪದ ಎಲ್ಲ ರೆಡಿ ಇವೆ. ನಂಟರೂರು ಅಂದ್ರೆ ರಜೇಲಿ ಹೋಗೋ ಊರಾಗ್ಬಿಡುತ್ತೆ, ನಂಟೂರು ಅಂದ್ರೆ ಗುಂಟೂರು ನೆನಪಾಗುತ್ತೆ, ಹಾಗಾಗಿ ‘ನಂಟಿನ ನಗರ’ ಅಂತ ಇಟ್ಕೊಂಡಿದೀನಿ. ಬೀಗತನ ಅನ್ನೋದೂ ತಲೆಗೆ ಬಂತು, ಆದ್ರೆ ಬೀಗ್ರು ಅಂದಕೂಡ್ಲೇ ಯಾರೋ ಮುನಿಸ್ಕೊಂಡು ಊಟಕ್ಕೆ ಏಳದೆ ಕೂತಿರೋದು ಕಣ್ಮುಂದೆ ಬರುತ್ತೆ, ಬೇಡ. (ಪ್ಯಾರಿಸ್-ರೋಮ್‌ದು ಮಾತ್ರ ಬೇರೆ ಕೇಸು, 1956ರಲ್ಲಿ ನಿನಗೆ ನಾನೇ ನನಗೆ ನೀನೇ ಅಂತ ಒಪ್ಪಂದ ಮಾಡ್ಕೊಂಡ್ರು, ಅದು ಮದುವೇನೇ.)

ಒಂದು ಕಡೆ ಮಾತ್ರ ಅವಳಿ ಬಿಟ್ಟುಕೊಡೋಕೆ ಮನಸ್ಸಿಲ್ಲ, ಗಡಿಗೆ ಅಂಟ್ಕೊಂಡಿರೋ ಊರುಗಳು. ಎಸ್ಟೋನಿಯಾದ ವಲ್ಗಾ, ಲಾಟ್ವಿಯಾದ ವಲ್ಕಾ ಮೊದ್ಲು ಒಂದೇ ಊರು, 1920ರಲ್ಲಿ ಮಧ್ಯೆ ಗಡಿ ಎಳೆದ್ರು, ಈಗ ‘ಒಂದು ಊರು, ಎರಡು ದೇಶ’ ಅಂತ ಘೋಷಣೆ ಇಟ್ಕೊಂಡಿದಾವೆ. ಫಿನ್‌ಲೆಂಡಿನ ಟೋರ್ನಿಯೊ, ಸ್ವೀಡನ್ನಿನ ಹಾಪರಾಂಡಾನೂ ಹಂಗೇ ಪಕ್ಕಪಕ್ಕ, ಗಡಿಯಾರ ಮಾತ್ರ ಒಂದು ಗಂಟೆ ವ್ಯತ್ಯಾಸ, ಹೊಸ ವರ್ಷ ಎರಡು ಸಲ ಆಚರಿಸ್ತಾರೆ. ಇವಕ್ಕೆ ‘ಗಡಿ ಅವಳಿ’ ಅಂತ ಬರೆದ್ರೆ ಹುಬ್ಬಳ್ಳಿ-ಧಾರವಾಡಕ್ಕೂ ತೊಂದ್ರೆ ಇಲ್ಲ, ಓದೋರಿಗೂ ಗೊಂದಲ ಇಲ್ಲ ಅನ್ಕೋತೀನಿ.

‘ನಂಟಿನ ನಗರ’ ಹೆಡ್‌ಲೈನಲ್ಲಿ ನಿಲ್ಲುತ್ತಾ ಹೇಳಿ, ಬೇರೆ ಪದ ಇದ್ರೆ ಬರೀ ಪದ ಕಳಿಸ್ಬೇಡಿ, ಸಂಬಂಧ ಕಡ್ಕೊಂಡ್ರು ಅನ್ನೋ ಅರ್ಥದ ಒಂದು ವಾಕ್ಯದಲ್ಲಿ ಹಾಕಿ ಕಳಿಸಿ.